ಒಂದೇ ಕ್ಷಣದಲ್ಲಿ ಎರಡು ಚಿತ್ರ

ಬೆಳಕು ಹರಿಯುವ ಹೊತ್ತು. ಆಸ್ಪತ್ರೆಯ ಎಕ್ಸ್‌ರೇ ವಿಭಾಗದ ಹಿಂದಿನ ಕಿರುಕೋಣೆಯಲ್ಲಿ ಫೈಲಕ್ಕ ಉಗುರು ಕಚ್ಚುತ್ತ ಕೂತಿದ್ದಾರೆ. ಪಕ್ಕದಲ್ಲಿ ಚಹಾ ಕೆನೆಗಟ್ಟಿದೆ. ಇವತ್ತು ಹಳೆಯ ಯಂತ್ರದ ಜತೆ ಹೊಸದೊಂದು ಸೇರಲಿದೆ. ಎಲ್ಲರಿಗೂ ಅದು ಸಂಭ್ರಮ, ಇವರಿಗೆ ಮಾತ್ರ ಭಯ.

ಯಂತ್ರಗಳು ತೆಗೆದ ಚಿತ್ರಗಳೆಲ್ಲ ಬಂದು ಬೀಳುವುದು ಒಂದೇ ಕಂಪ್ಯೂಟರಿಗೆ. ಪ್ರತಿ ಚಿತ್ರಕ್ಕೂ ಬೇರೆ ಯಾವುದಕ್ಕೂ ಇಲ್ಲದ ಹೆಸರಿಡುವ ಪ್ರೋಗ್ರಾಂ ಇವರದು. ಎರಡಕ್ಕೆ ಒಂದೇ ಹೆಸರು ಬಿದ್ದರೆ ಹೊಸದು ಹಳೆಯದನ್ನು ಅಳಿಸಿ ಕೂರುತ್ತದೆ, ಕಂಪ್ಯೂಟರ್ ತುಟಿಪಿಟಕ್ಕೆನ್ನುವುದಿಲ್ಲ. ಇಂಥದ್ದೊಂದು ಕೆಲಸವಿದೆ ಎಂಬುದೇ ಇಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲ. ಫೈಲಕ್ಕ ಎಂದು ಕರೆಯುವ ಸಲಿಗೆ ಮಾತ್ರ ಎಲ್ಲರಿಗೂ ಇದೆ.

ಟೈಪಿಸ್ಟಾಗಿ ಸೇರಿದ ಇವರು ಪ್ರೋಗ್ರಾಂ ಬರೆಯಲು ಕಲಿತದ್ದು ತಮ್ಮಷ್ಟಕ್ಕೆ ತಾವೇ. ಮೊದಲು ಗಡಿಯಾರದ ಸಮಯವನ್ನೇ ಹೆಸರಾಗಿಸಿದ್ದರು. ಆಮೇಲೆ ಭಯವಾಗಿ, ಆ ಹೆಸರು ಖಾಲಿಯಿದೆಯೇ ಎಂದು ನೋಡಿ ಬರೆಯುವಂತೆ ಮಾಡಿದರು. ಇನ್ನು ನಿಶ್ಚಿಂತೆ ಎಂದುಕೊಂಡದ್ದೇ ಎಡವಟ್ಟಾಯಿತು. ಆಗ ಇದ್ದ ಎರಡು ಯಂತ್ರಗಳು (ಒಂದು ಆಮೇಲೆ ಕೆಟ್ಟು ಮೂಲೆ ಸೇರಿತು) ಒಂದು ದಿನ ಒಂದೇ ಹೆಸರಿನತ್ತ ಒಟ್ಟಿಗೇ ಇಣುಕಿದವು, ಎರಡಕ್ಕೂ ಖಾಲಿ ಕಂಡಿತು, ಎರಡೂ ಬರೆದವು. ಮೊಣಕೈ ಮುರಿದ ಪುಟ್ಟ ಹುಡುಗಿಯ ಚಿತ್ರದ ಮೇಲೆ ಯಾರದೋ ಎದೆಗೂಡು ಬಂದು ಕೂತಿತು.

"ಮತ್ತೆ ತೆಗೀಬೇಕಾಯ್ತು. ಆ ಮಗು ನೋಯೋ ಕೈನ ಇನ್ನೊಂದ್ಸಲ ಚಾಚಿ ಅತ್ತಿದ್ದು ಗೋಡೆ ಈಚೆಗೂ ಕೇಳಿಸ್ತು. ಯಾರೂ ನನ್ನ ಬೈಲಿಲ್ಲ. ಬೈದಿದ್ರೇ ಚೆನ್ನಾಗಿರ್ತಿತ್ತು," ಎಂದು ಫೈಲಕ್ಕ ಈಗಲೂ ಹೇಳಿಕೊಳ್ಳುತ್ತಾರೆ.

ಅಂದಿನಿಂದ ಹೆಸರಿನಲ್ಲಿ ಸಮಯದ ಜತೆ ಆಯಾ ಯಂತ್ರದ ಗುರುತೂ ಇದೆ. ಅದಕ್ಕಿಂತ ಮುಖ್ಯವಾದ ಬದಲಾವಣೆ ಇನ್ನೊಂದು: ಹೆಸರು ಖಾಲಿಯಿದೆಯೇ ಎಂದು ನೋಡುವುದೂ ಅದನ್ನು ಹಿಡಿದಿಡುವುದೂ ಈಗ ಒಂದೇ ಹೆಜ್ಜೆ. ಅವರ ಮಾತಲ್ಲೇ ಹೇಳುವುದಾದರೆ, "ಬಸ್ಸಲ್ಲಿ ಸೀಟು ಖಾಲಿ ಇದೆ ಅಂತ ಕಂಡ್ರೆ ಸಾಕಾ? ಕರ್ಚೀಫು ಹಾಕ್ಬೇಕು. ನೋಡೋದು, ಹಾಕೋದು ಎರಡೂ ಒಂದೇ ಏಟಿಗೆ ಆಗ್ಬೇಕು. ಯಾರಾದ್ರೂ ಮೊದ್ಲೇ ಹಾಕಿದ್ರೆ, ಬೇರೆ ಸೀಟು ಹುಡುಕ್ಕೋಬೇಕು."

ಅಷ್ಟರಲ್ಲಿ ಟೆಕ್ನಿಷಿಯನ್ ಬಾಗಿಲಲ್ಲಿ ಇಣುಕುತ್ತಾನೆ. "ಅಕ್ಕಾ, ಹೊಸದು ರೆಡಿ. ಹಳೇದರ ಸೆಟ್ಟಿಂಗೆಲ್ಲ ಹಾಗೇ ಕಾಪಿ ಮಾಡ್ಬಿಟ್ಟೆ."

ಫೈಲಕ್ಕ ಕುರ್ಚಿಯಿಂದ ಅರ್ಧ ಏಳುತ್ತಾರೆ. ಹಾಗಾದರೆ ಗುರುತೂ ಎರಡಕ್ಕೂ ಒಂದೇ. ಸದ್ದಿಲ್ಲದೆ ಸರಿಪಡಿಸಬಹುದು, ಆದರೆ ಅವರು ಸರಿಪಡಿಸುವುದಿಲ್ಲ. "ಹಾಗೇ ಇರ್ಲಿ. ಎರಡೂ ಕೋಣೆಯಲ್ಲಿ ಟೇಬಲ್ ಖಾಲಿ ಬಿಟ್ಟು ಒಟ್ಟಿಗೇ ಬಟನ್ ಒತ್ತಿ," ಎನ್ನುತ್ತಾರೆ. ಕರ್ಚೀಫು ನಿಜಕ್ಕೂ ಕೆಲಸಕ್ಕೆ ಬರುತ್ತದೆಯೇ ಎಂದು ತಿಳಿಯಲು ಇದಕ್ಕಿಂತ ಒಳ್ಳೆಯ ಗಳಿಗೆ ಸಿಗದು.

ಒತ್ತುತ್ತಾರೆ. ಪರದೆಯ ಮೇಲೆ ಒಂದು ಹೆಸರು ಬರುತ್ತದೆ. ಇನ್ನೊಂದಿಲ್ಲ. ಫೈಲಕ್ಕ ಪರದೆಯತ್ತ ಇನ್ನಷ್ಟು ಬಾಗುತ್ತಾರೆ. ಆಮೇಲೆ ಎರಡನೆಯದು, ಕೊನೆಗೊಂದು ಅಂಕಿ ಅಂಟಿಸಿಕೊಂಡು, ಬಂದು ಕೂರುತ್ತದೆ. ಕಣ್ಣೊರೆಸಿಕೊಂಡು ಅವರು ಹೊಸ ಯಂತ್ರಕ್ಕೆ ಬೇರೆ ಗುರುತು ಕೊಡುತ್ತಾರೆ.

ದಿನದ ಮೊದಲ ರೋಗಿ, ಸೊಂಟ ಹಿಡಿದುಕೊಂಡ ಅಜ್ಜ, ಟೇಬಲ್ ಹತ್ತಲು ಒದ್ದಾಡುತ್ತಾರೆ. "ಒಂದೇ ಸಲ ತಾನೇ? ಇನ್ನೊಂದ್ಸಲ ಹತ್ತೋಕೆ ನನ್ ಕೈಲಾಗಲ್ಲಪ್ಪ."

ಟೆಕ್ನಿಷಿಯನ್ ಕಿರುಕೋಣೆಯತ್ತ ನೋಡುತ್ತಾನೆ. ಆ ಹುಡುಗಿ ಅತ್ತ ದಿನದಿಂದ ಯಾವ ರೋಗಿಗೂ ಮುಖ ತೋರಿಸದ ಫೈಲಕ್ಕ ಎದ್ದು ಬಾಗಿಲಿಗೆ ಬರುತ್ತಾರೆ.

"ಒಂದೇ ಸಲ, ಅಜ್ಜ. ನಾನು ಹೇಳ್ತಿದೀನಲ್ಲ."