ಹುಳದ ಕೋಣೆಯ ರೈಲುಹಳಿ

ನ್ಯಾರೋಗೇಜ್ ಆಟಿಕೆ ರೈಲಿಗೆ ಹಳಿ ಹಾಕೋಣವೆಂದು ಇವತ್ತು ಚಿಕ್ಕ ಕೋಣೆಯ ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತಿದ್ದೆ. ಅಪ್ಪ ಮಾಡಿದ ಮರದ ಬೋಗಿಯ ಅರಗಿನ ವಾಸನೆ ಮೂಗಿಗೆ ಬಡಿಯಿತು.

ಅಪ್ಪ ಚನ್ನಪಟ್ಟಣದಲ್ಲಿ ಗೊಂಬೆ ಕಡೆಯುತ್ತಿದ್ದರು. ಅವ್ವ ಇದೇ ಕೋಣೆಯಲ್ಲಿ ರೇಷ್ಮೆಹುಳ ಸಾಕುತ್ತಿದ್ದಳು. ಗೂಡು ಮಾರಿ ಕೋಣೆ ಖಾಲಿಯಾದಾಗಲೆಲ್ಲ ಅಪ್ಪ ಹಳಿಯ ಗೆರೆ ಬರೆಯುತ್ತಿದ್ದರು. "ಸಣ್ಣ ಹಳಿ ಕಣ್ಲಾ, ಮೂಲೇಲೂ ತಿರಿಕತ್ತದೆ" ಅನ್ನುತ್ತಿದ್ದರು. ಮುಂದಿನ ಹುಳಕ್ಕೆಂದು ಅವ್ವ ನೆಲ ತೊಳೆದುಬಿಡುತ್ತಿದ್ದಳು. "ನಿಮ್ಮ ಅರಗಿನ ವಾಸ್ನೆಗೆ ಹುಳ ಸತ್ರೆ ರೈಲು ಅನ್ನ ಹಾಕ್ತದಾ?"

"ಮುಂದಿನ ಬೆಳೆ ಆಗ್ಲಿ ಬುಡಮ್ಮಿ" ಎಂದು ಅಪ್ಪ ನಗುತ್ತಿದ್ದರು. ಹಾಗೆ ನಗುನಗುತ್ತಲೇ ಇದ್ದವರು ಒಂದು ದಿನ ತೀರಿಕೊಂಡರು. ರೈಲು ಓಡಲೇ ಇಲ್ಲ.

ಈಗ ಹುಳವಿಲ್ಲ. ಬಾಗಿಲ ಹತ್ತಿರ ರೈಲು ತಿರುವು ಹಿಡಿಯುತ್ತದೋ ಇಲ್ಲವೋ ಎಂಬ ಆತಂಕದಲ್ಲಿ ಗೆರೆ ಅಳಿಸಲು ಹೋದೆ. ಅವ್ವ ಹೊಸ್ತಿಲಿಂದಲೇ ಕೂಗಿದಳು: "ಒರಸ್ಬೇಡ ಕಣಪ್ಪ, ಈ ಸಲ ಅಂಗೇ ಇರ್ಲಿ."