ತನುಜಾಳ ಹಗುರ ಚೀಲ

ರವೀಂದ್ರನಗರದ ತನುಜಾಗೆ ಬೆಟ್ಟ ಹತ್ತುವ ಹುಚ್ಚು ಹಿಡಿದದ್ದು ಮೂವತ್ತಮೂರನೆಯ ವಯಸ್ಸಿನಲ್ಲಿ. ಶಿವಮೊಗ್ಗದ ಕಾಲೇಜೊಂದರ ಭೌತಶಾಸ್ತ್ರ ಪ್ರಯೋಗಾಲಯದಲ್ಲಿ ಅವಳಿಗೆ ಕೆಲಸ. ಚಾರಣಕ್ಕೆ ಹೊರಟ ಹುಡುಗಿಯರ ಜೊತೆ ಒಬ್ಬ ಹೆಂಗಸು ಇರಲೇಬೇಕೆಂದು ಪ್ರಿನ್ಸಿಪಾಲರು ಹಟ ಹಿಡಿದಾಗ ಒಲ್ಲದ ಮನಸ್ಸಿನಿಂದಲೇ ಆಗುಂಬೆಯ ಬಸ್ಸು ಹತ್ತಿದ್ದಳು. ನರಸಿಂಹ ಪರ್ವತ ಹತ್ತಿ, ಮೇಲೆ ಒಂದು ರಾತ್ರಿ ಕಳೆದು, ಮರುದಿನ ಕಿಗ್ಗಕ್ಕೆ ಇಳಿಯುವಷ್ಟರಲ್ಲಿ ಅವಳು ಬೇರೆಯೇ ಹೆಂಗಸಾಗಿದ್ದಳು. ಊಟ, ಹಾಸಿಗೆ, ಸೂರು ಎಲ್ಲವನ್ನೂ ಹೆಗಲಿಗೇರಿಸಿ ನಡೆಯುವುದರಲ್ಲಿ ಇಷ್ಟು ಸುಖವಿದೆಯೆಂದು ಅವಳಿಗೆ ಯಾರೂ ಹೇಳಿರಲಿಲ್ಲ.

ಶಾಮಲಾ ಸಿಕ್ಕಿದ್ದೂ ಅಲ್ಲಿಯೇ. ಭದ್ರಾವತಿಯ ಹಳೇನಗರದಲ್ಲಿ ಬ್ಲೌಸು ಹೊಲಿಯುವ ಶಾಮಲಾ ಹುಡುಗಿಯರನ್ನು ಕರೆದೊಯ್ದ ಚಾರಣ ಬಳಗದವಳು. ಏದುಸಿರು ಬಿಡುತ್ತಿದ್ದ ತನುಜಾಳನ್ನು ನೋಡಿ, "ಕೊಡ್ರೀ ಮೇಡಂ, ನಿಮ್ ಚೀಲ ನಾನು ತಗೊಳ್ತೀನಿ" ಎಂದು ಕೈ ಚಾಚಿದ್ದಳು. ತನುಜಾ ಕೊಡಲಿಲ್ಲ. "ನಂದು ನಾನೇ ಹೊರ್ತೀನಿ" ಎಂದಳು. ಆ ಮಾತು ಮುಂದೆ ಇಬ್ಬರ ನಡುವಿನ ಕಟ್ಟಳೆಯೇ ಆಯಿತು. ಹನ್ನೆರಡು ವರ್ಷ ಇಬ್ಬರೂ ಜೊತೆಯಾಗಿ ಹತ್ತದ ಗುಡ್ಡವಿಲ್ಲ. ಒಬ್ಬರ ಚೀಲವನ್ನು ಇನ್ನೊಬ್ಬರು ಹೊತ್ತದ್ದೂ ಇಲ್ಲ.

ನಲವತ್ತೈದು ದಾಟಿದ ಮೇಲೆ ಒಂದು ದಿನ ಪ್ರಯೋಗಾಲಯದ ಮೇಲಿನ ಕಪಾಟಿಗೆ ಲೆನ್ಸಿನ ಪೆಟ್ಟಿಗೆ ಎತ್ತಿಡಲು ಹೋದರೆ ತನುಜಾಳ ಕೈ ಅರ್ಧಕ್ಕೇ ನಿಂತಿತು. ನಿದ್ದೆ ಸರಿಯಾಗಿಲ್ಲ ಎಂದುಕೊಂಡಳು. ಅದೇ ಚಳಿಗಾಲದಲ್ಲಿ ಕೊಡಚಾದ್ರಿ ಇಳಿದ ಮೇಲೆ ನೀರಿನ ಬಾಟಲಿಯನ್ನು ಬಾಯಿಯತನಕ ಎತ್ತಲಾಗಲಿಲ್ಲ. ಶಾಮಲಾ ಕುಡಿಸಿದಳು. ಇಬ್ಬರೂ ನಕ್ಕರು, ಆದರೆ ವಾಪಸು ಬಂದ ವಾರವೇ ತನುಜಾ ಆಸ್ಪತ್ರೆಗೆ ಹೋದಳು.

ಪರೀಕ್ಷೆಗಳೆಲ್ಲ ಮುಗಿದ ದಿನ ನರರೋಗದ ಡಾಕ್ಟರು ಕಾಗದಗಳನ್ನು ಮಡಚಿಟ್ಟು ಹೇಳಿದರು: "ಇದು ಸ್ನಾಯು ಸವೆಯೋ ಕಾಯಿಲೆ ಅಮ್ಮಾ. ನಿಧಾನಕ್ಕೆ ಹೋಗುತ್ತೆ. ಹೋಗಿದ್ದು ತಿರುಗಿ ಬರಲ್ಲ. ಭಾರ ಎತ್ತಬೇಡಿ."

"ಎಷ್ಟು ಕೆ.ಜಿ.ತನಕ ಎತ್ತಬಹುದು ಸರ್?"

ಡಾಕ್ಟರು ಪಕ್ಕದಲ್ಲಿದ್ದ ಗಂಡ ಜ್ಞಾನೇಶನ ಮುಖ ನೋಡಿದರು. ಜ್ಞಾನೇಶ್ ನೆಲ ನೋಡುತ್ತಿದ್ದ.

ಹೆಗಲಿಗೆ ಶಕ್ತಿ ಬರುವುದಿಲ್ಲವೆಂದಾದರೆ ಚೀಲವೇ ಹಗುರವಾಗಬೇಕು. ತನುಜಾ ಬೇರೇನನ್ನೂ ಯೋಚಿಸಲಿಲ್ಲ. ಇನ್ನೊಂದು ಸಲ ಆಗುಂಬೆಯಿಂದ ಕಿಗ್ಗಕ್ಕೆ, ತನ್ನ ಚೀಲ ತಾನೇ ಹೊತ್ತು ನಡೆಯಬೇಕು, ಅಷ್ಟೇ ಸಾಕು. ಮರುದಿನವೇ ಚಾರಣದ ಸಾಮಾನನ್ನೆಲ್ಲ ಕಾಲೇಜಿಗೆ ಒಯ್ದು, ಕ್ಲಾಸು ಬಿಟ್ಟ ಮೇಲೆ ಪ್ರಯೋಗಾಲಯದ ತಕ್ಕಡಿಯಲ್ಲಿ ಒಂದೊಂದಾಗಿ ಇಟ್ಟು ನೋಡಿದಳು. ಒಟ್ಟು ಹನ್ನೊಂದೂವರೆ ಕಿಲೋ. ಅದರಲ್ಲಿ ಏನೂ ಇಲ್ಲದ ಬರಿಯ ಚೀಲವೇ ಎರಡು ಕಿಲೋಗೆ ಮಿಕ್ಕಿತ್ತು.

ಭಾನುವಾರ ಅವಳು ಭದ್ರಾವತಿಗೆ ಹೋದಾಗ ಶಾಮಲಾ ಮೆಷಿನ್ನಿನ ಮುಂದೆ ಕೂತು ಎಲ್ಲ ಕೇಳಿಸಿಕೊಂಡಳು. ಅಳುತ್ತಾಳೇನೋ ಎಂದು ತನುಜಾ ಹೆದರಿದ್ದಳು. ಅವಳು ಅಳದೆ ಟೇಪು ತೆಗೆದು ತನುಜಾಳ ಬೆನ್ನಿನ ಅಳತೆ ಹಿಡಿದಳು. "ಪ್ಯಾರಾಚೂಟ್ ಬಟ್ಟೆಲಿ ಹೊಲಿತೀನಿ ಕಣೇ. ಗಾಳೀಲಿ ಹಾರಿಹೋದ್ರೆ ನನ್ನ ಕೇಳ್ಬೇಡ."

ಆ ಚೀಲ ಮುನ್ನೂರ ಎಂಬತ್ತು ಗ್ರಾಮು ಬಂತು. ಡೇರೆಯ ಬದಲು ಅದೇ ಬಟ್ಟೆಯ ಒಂದು ಹೊದಿಕೆ. ಊರುಗೋಲು ನಿಲ್ಲಿಸಿ ಅದರ ಮೇಲೆ ಎಳೆದು ಕಟ್ಟಿದರೆ ಒಬ್ಬರು ಮಲಗಬಹುದು. ಸ್ಟವ್ವು, ಪಾತ್ರೆ ಬಿಟ್ಟಳು. ಅವಲಕ್ಕಿಗೆ ಚಟ್ನಿಪುಡಿ ಕಲಸಿಕೊಂಡರೆ ಒಲೆ ಯಾಕೆ ಬೇಕು? ಸ್ಟೀಲು ಬಾಟಲಿಯ ಜಾಗಕ್ಕೆ ಅಂಗಡಿಯಲ್ಲಿ ನೀರು ಕೊಂಡ ಪ್ಲಾಸ್ಟಿಕ್ ಬಾಟಲಿ ಬಂತು. ಟೂತ್‌ಬ್ರಷ್ಷಿನ ಹಿಡಿಯನ್ನು ಕೊಯ್ದಳು, ಸೋಪಿನಿಂದ ಎರಡು ದಿನಕ್ಕೆ ಬೇಕಾದಷ್ಟೇ ಹೆರೆದುಕೊಂಡಳು. ಕೊನೆಗೆ ಒಂದು ಸಂಜೆ ಕಿವಿಯ ಓಲೆ ಬಿಚ್ಚಿ ಅಡುಗೆಮನೆಯ ಸಣ್ಣ ತಕ್ಕಡಿಯ ಮೇಲೆ ಇಟ್ಟದ್ದನ್ನು ಜ್ಞಾನೇಶ್ ಕಂಡ.

"ಮುಂದೆ ತಾಳಿನೂ ತೂಗ್ತೀಯಾ?"

"ತೂಗಾಯ್ತು" ಎಂದಳು ತನುಜಾ.

ಅವನು ನಗಲಿಲ್ಲ. ಹೊರಗೆ ಹೋಗಿ ಗೇಟು ಹಿಡಿದು ಬಹಳ ಹೊತ್ತು ನಿಂತುಕೊಂಡ.

ಹನ್ನೊಂದೂವರೆ ಇದ್ದದ್ದು ಏಳಕ್ಕೆ ಇಳಿಯಿತು. ಏಳಕ್ಕೆ ಇಳಿಯುವ ಹೊತ್ತಿಗೆ ಅವಳಿಗೆ ಆರು ಕಿಲೋ ಮಾತ್ರ ಹೊರಲಾಗುತ್ತಿತ್ತು. ತಲೆ ಕೆಡಿಸಿಕೊಂಡು ಐದಕ್ಕೆ ತಂದಳು. ಅಷ್ಟರಲ್ಲಿ ಹೆಗಲು ನಾಲ್ಕಕ್ಕೇ ಸೋಲುತ್ತಿತ್ತು. ಒಂದೂವರೆ ವರ್ಷ ಹೀಗೇ ನಡೆಯಿತು. ಅವಳೆಷ್ಟು ಕಳೆದರೂ ಕಾಯಿಲೆ ಒಂದು ಹೆಜ್ಜೆ ಮುಂದೆ ಹೋಗಿ ಕಾಯುತ್ತಿತ್ತು. ಆದರೂ ಕಳೆದ ನವೆಂಬರಿನಲ್ಲಿ ನೀರು, ಊಟ ಎಲ್ಲ ಸೇರಿ ಚೀಲ ಮೂರೂವರೆ ಕಿಲೋಗೆ ಬಂದು ನಿಂತಾಗ ಅವಳು ಶಾಮಲಾಗೆ ಫೋನು ಮಾಡಿ ಕೂಗಿಯೇಬಿಟ್ಟಳು: "ಜನವರೀಲಿ ಹೋಗೋಣ ಮಾರಾಯ್ತಿ! ಅದಕ್ಕೆ ಮುಂಚೆ ಇಲ್ಲೇ ಒಂದು ಸಲ ನಡೆದು ನೋಡೋಣ."

ಡಿಸೆಂಬರಿನ ಒಂದು ಭಾನುವಾರ ಬೆಳಿಗ್ಗೆ ಇಬ್ಬರೂ ಮಲವಗೊಪ್ಪದಲ್ಲಿ ಬಸ್ಸಿಳಿದರು. ಅಲ್ಲಿಂದ ನಾಲೆಯ ಏರಿ ಹಿಡಿದು ಭದ್ರಾವತಿ ಕಡೆಗೆ ಎಂಟು ಕಿಲೋಮೀಟರು. ಉಬ್ಬುತಗ್ಗಿಲ್ಲದ ಸಮ ದಾರಿ. ತನುಜಾ ಹೋಟೆಲಿನ ಹಿಂದೆ ಕೈಕಾಲು ತೊಳೆದು ಬರುವವರೆಗೆ ಚೀಲಗಳನ್ನು ಶಾಮಲಾ ನೋಡಿಕೊಂಡಿದ್ದಳು; ಬಂದ ಮೇಲೆ ಅವಳ ಹೆಗಲಿಗೆ ಚೀಲ ಏರಿಸಿದವಳೂ ಶಾಮಲಾಳೇ.

ಮೊದಲ ಕಿಲೋಮೀಟರಿನಲ್ಲಿ ತನುಜಾ ಹರಟುತ್ತ ನಡೆದಳು. "ನೋಡು, ಏನೂ ಅನ್ನಿಸ್ತಾನೇ ಇಲ್ಲ. ಚೀಲ ಇದೆಯೋ ಇಲ್ವೋ ಅನ್ನೋ ಹಾಗಿದೆ." ಶಾಮಲಾ ಹೂಂ ಎಂದಳಷ್ಟೆ. ಎರಡನೆಯ ಕಿಲೋಮೀಟರಿಗೆ ಮಾತು ನಿಂತಿತು. ಹೆಗಲ ಪಟ್ಟಿ ಜಾರತೊಡಗಿತು; ಅದನ್ನು ಸರಿಮಾಡಿಕೊಳ್ಳಲು ಕೈ ಮೇಲೇಳಲಿಲ್ಲ. ಇನ್ನಷ್ಟು ದೂರ ಹೋಗುವಷ್ಟರಲ್ಲಿ ಎಡಗಾಲು ಮಡಚಿಕೊಂಡಿತು. ಗದ್ದೆಗೆ ನೀರು ಬಿಡುವ ತೂಬಿನ ಪಕ್ಕದಲ್ಲಿ ಮಗ್ಗುಲಾಗಿ ಬಿದ್ದಳು.

ಪೆಟ್ಟೇನೂ ಆಗಿರಲಿಲ್ಲ. ಶಾಮಲಾ ಎಬ್ಬಿಸಿ ಕೂರಿಸಿದಳು. ತನುಜಾ ಉಸಿರು ಹಿಡಿದುಕೊಂಡು ಹೇಳಿದಳು: "ಮೂರೂವರೆ ಜಾಸ್ತಿಯಾಯ್ತು. ಹೊದಿಕೆ ಬಿಡ್ತೀನಿ. ನೀರು ಅರ್ಧ ಲೀಟ್ರು ಸಾಕು. ಮೂರರೊಳಗೆ ತಂದ್ರೆ ಆಗುತ್ತೆ ಕಣೇ, ನೋಡ್ತಿರು."

ಶಾಮಲಾ ತನ್ನ ಚೀಲವನ್ನು ಬೆನ್ನಿನಿಂದ ಕೆಳಗಿಳಿಸಿದಳು.

"ಏನೇ? ಆಗಲ್ವಾ?"

"ತನು..." ಶಾಮಲಾ ಅವಳ ಪಕ್ಕದಲ್ಲಿ ಕೂತಳು. "ಹೊದಿಕೆ ಅದರಲ್ಲಿಲ್ಲ. ನೀರೂ ಇಲ್ಲ. ಮಲವಗೊಪ್ಪದಲ್ಲೇ ಭಾರದ್ದೆಲ್ಲಾ ತೆಗೆದು ನನ್ ಚೀಲಕ್ಕೆ ಹಾಕ್ಕೊಂಡೆ. ನೀನು ನಡೀಲಿ ಅಂತ... ನಿಂಗೆ ಧೈರ್ಯ ಬರ್ಲಿ ಅಂತ."

ತನುಜಾ ಚೀಲದ ಬಾಯಿ ಬಿಚ್ಚಿ ನೋಡಿದಳು. ಒಂದು ಸ್ವೆಟರು, ಅವಲಕ್ಕಿಯ ಪೊಟ್ಟಣ, ಮಾತ್ರೆಗಳು. ಎಲ್ಲ ಸೇರಿ ಒಂದು ಕಿಲೋ ಆದೀತೋ ಇಲ್ಲವೋ. ತಕ್ಕಡಿ ಬೇಕಾಗಿರಲಿಲ್ಲ, ಒಂದೂವರೆ ವರ್ಷದಲ್ಲಿ ಅವಳ ಕೈಯೇ ತಕ್ಕಡಿಯಾಗಿತ್ತು, ಆದರೆ ಸವೆದ ಆ ಹೆಗಲಿಗೆ ಒಂದಕ್ಕೂ ಮೂರೂವರೆಗೂ ಭೇದ ತಿಳಿದಿರಲಿಲ್ಲ.

"ಇದನ್ನೂ ಹೊರೋಕೆ ಆಗ್ಲಿಲ್ವಾ ನಂಗೆ?" ಎಂದು ಮೆಲ್ಲಗೆ ಕೇಳಿದಳು. ಸಿಟ್ಟು ಮಾಡಿದ್ದರೆ ಶಾಮಲಾ ಹೇಗೋ ತಡೆದುಕೊಳ್ಳುತ್ತಿದ್ದಳು. ತನುಜಾ ಸಿಟ್ಟು ಮಾಡಲಿಲ್ಲ. ನಾಲೆಯ ನೀರಿನ ಕಡೆ ಮುಖ ಮಾಡಿ ಕೂತಳು. ಶಾಮಲಾ ಎರಡೂ ಚೀಲಗಳನ್ನು ತನ್ನ ಹೆಗಲಿಗೆ ಹಾಕಿಕೊಂಡು, ಅವಳ ತೋಳು ಹಿಡಿದು ರಸ್ತೆಯ ತನಕ ನಡೆಸಿದಳು. ಅಲ್ಲಿ ಆಟೋ ಸಿಕ್ಕಿತು.

ಜನವರಿಯಲ್ಲಿ ಚಾರಣ ಬಳಗ ಆಗುಂಬೆಗೆ ಹೊರಟಿತು. "ನೀನಾದ್ರೂ ಹೋಗು" ಎಂದು ತನುಜಾ ಎರಡು ಸಲ ಹೇಳಿದಳು. ಮದುವೆ ಬಟ್ಟೆಗಳು ರಾಶಿ ಬಿದ್ದಿವೆಯೆಂದು ಶಾಮಲಾ ನೆವ ಹೇಳಿದಳು. ಯುಗಾದಿಯ ಹೊತ್ತಿಗೆ ತನುಜಾ ಕಾಲೇಜಿಗೆ ಹೋಗುವುದನ್ನು ಬಿಟ್ಟಳು. ಮನೆಯೊಳಗೆ ಗೋಡೆ ಹಿಡಿದು ಓಡಾಡುತ್ತಾಳೆ. ಊಟದ ತಟ್ಟೆಯನ್ನು ಜ್ಞಾನೇಶ್ ತಂದು ತೊಡೆಯ ಮೇಲೆ ಇಡುತ್ತಾನೆ.

ಈಗಲೂ ಪ್ರತಿ ಭಾನುವಾರ ಶಾಮಲಾ ಭದ್ರಾವತಿಯಿಂದ ಬಸ್ಸಿನಲ್ಲಿ ಬರುತ್ತಾಳೆ. ಕೈ ಮೇಲೆತ್ತಲಾಗದ ತನುಜಾಳನ್ನು ಜಗಲಿಯಲ್ಲಿ ಕೂರಿಸಿ, ಎಣ್ಣೆ ಹಚ್ಚಿ, ತಲೆ ಬಾಚಿ ಜಡೆ ಹೆಣೆಯುತ್ತಾಳೆ. ಬ್ಲೌಸಿನ ಗಿರಾಕಿಗಳ ಸುದ್ದಿ ಹೇಳುತ್ತಾಳೆ. ಬೆಟ್ಟದ ಮಾತನ್ನು ಇಬ್ಬರೂ ಎತ್ತುವುದಿಲ್ಲ. ಐದೂವರೆಯ ಬಸ್ಸಿಗೆ ಅವಳು ಎದ್ದು ಹೊರಟಾಗ ತನುಜಾ, "ಇನ್ನೂ ಹೊತ್ತಿದೆ, ಕೂತ್ಕೋ" ಎನ್ನುತ್ತಾಳೆ. ಶಾಮಲಾ ಆ ಬಸ್ಸು ತಪ್ಪಿಸಿಕೊಂಡು ಕೂರುತ್ತಾಳೆ.