ಹಂದಿಹಳ್ಳದ ಅರ್ಜಿ

ಮೊನ್ನೆ ಮೊಮ್ಮಗಳು ಪೆನ್ನಿಗೆ ಇಂಕು ತುಂಬುವಾಗ ಜಮಖಾನದ ಮೇಲೆ ನಾಲ್ಕು ಹನಿ ಚೆಲ್ಲಿದಳು. ಬೈಯೋಣವೆಂದು ಹತ್ತಿರ ಹೋದರೆ ಆ ವಾಸನೆ... ಬೈಯುವುದು ಮರೆತು ನಮ್ಮ ಇಂಗ್ಲಿಷ್ ಮೇಷ್ಟ್ರು ನೆನಪಾದರು.

ಐವತ್ತರ ದಶಕದ ಕೊನೆ. ನಮ್ಮೂರು ಹಂದಿಹಳ್ಳದಿಂದ ಅಜ್ಜಂಪುರದ ಹೈಸ್ಕೂಲಿಗೆ ನಡೆದು ಹೋಗುತ್ತಿದ್ದ ಹುಡುಗಿ ನಾನೊಬ್ಬಳೇ. ಊರ ಹೆಸರು ಹೇಳಿದರೆ ಜೊತೆಯವರು ಮೂಗು ಮುಚ್ಚಿಕೊಂಡು ನಗುತ್ತಿದ್ದರು. ನಾಚಿಕೆಯಿಂದ ಸತ್ತುಹೋಗುತ್ತಿದ್ದೆ.

ಮೇಷ್ಟ್ರು ಅದನ್ನು ಗಮನಿಸಿದ್ದಿರಬೇಕು. ಒಂದು ದಿನ ಪಾಠ ಬದಿಗಿಟ್ಟು ಬೋರ್ಡಿನ ಮೇಲೆ ಇಂಗ್ಲೆಂಡಿನ ಊರುಗಳ ಹೆಸರು ಬರೆದರು. ಶಿಪ್ಟನ್ ಅಂದರೆ ಕುರಿಯವರ ಊರು, ಸ್ವಿಂಟನ್ ಅಂದರೆ ಹಂದಿ ಸಾಕುವವರ ಊರು. ಕೊನೆಯ ‘ಟನ್’ ಹಿಂದಿನ ಕಾಲದಲ್ಲಿ ಬೇಲಿ ಹಾಕಿದ ಹಟ್ಟಿಗೆ ಇದ್ದ ಮಾತು. “ಅಲ್ಲಿಯೋರು ಅದನ್ನ ಲಕೋಟೆ ಮೇಲೆ ರಾಜಾರೋಷವಾಗಿ ಬರೀತಾರೆ ಕಣ್ರೋ,” ಎಂದರು. ಅಪ್ಪಿತಪ್ಪಿಯೂ ನನ್ನ ಕಡೆ ನೋಡಲಿಲ್ಲ. ಅದಕ್ಕೇ ಅವರು ನನಗೆ ಇಷ್ಟವಾದರು.

ಅಷ್ಟಕ್ಕೇ ಬಿಡುವ ಆಸಾಮಿಯಲ್ಲ ಅವರು. ಭಾನುವಾರ ಸೈಕಲ್ ತುಳಿದುಕೊಂಡು ನಮ್ಮ ಮನೆಗೇ ಬಂದು, ಊರಿಗೆ ಆ ಹೆಸರು ಹೇಗೆ ಬಂತೆಂದು ಅಜ್ಜಿಯನ್ನು ವಿಚಾರಿಸಿದರು. ಯಾವುದೋ ಬರಗಾಲದಲ್ಲಿ, ಒಣಗಿದ ಹಳ್ಳದಲ್ಲಿ ಕಾಡುಹಂದಿ ಕೆದಕಿದ ಕಡೆ ನೀರು ಜಿನುಗಿತಂತೆ. ಹಿರಿಯರು ಅಲ್ಲೇ ಗುಡಿಸಲು ಹಾಕಿದರಂತೆ. ಮೇಷ್ಟ್ರು ಹಿಗ್ಗಿ ಹೀರೇಕಾಯಿಯಾದರು. ಮೊದಲ ಸಲ ನನಗೂ ನಮ್ಮೂರಿನ ಬಗ್ಗೆ ಹೆಮ್ಮೆಯಾಯಿತು.

ಮರುವರ್ಷ ಊರಿನವರು ಹೆಸರನ್ನು ಬಸವಾಪುರ ಎಂದು ಬದಲಿಸಲು ಅಮಲ್ದಾರರಿಗೆ ಅರ್ಜಿ ಕೊಡಲು ಹೊರಟರು. ಬರೆದುಕೊಡಲು ಕರೆಸಿದ್ದು ಮೇಷ್ಟ್ರನ್ನೇ. ಅವರು ನಮ್ಮ ಜಗಲಿಯಲ್ಲಿ ಕೂತು ಅಜ್ಜಿ ಹೇಳಿದ್ದನ್ನೆಲ್ಲ ಹೇಳಿ, “ಈ ಹೆಸ್ರು ಹೋದ್ರೆ ಆ ನೀರಿನ ನೆನಪೂ ಹೋಯ್ತು ಕಣ್ರಪ್ಪಾ,” ಎಂದರು.

ಅಪ್ಪ ಸಿಡಿದರು. “ನಿಮ್ಗೇನ್ರೀ ಮೇಷ್ಟ್ರೇ! ನಮ್ ಹೆಣ್ಮಕ್ಳನ್ನ ಕೊಟ್ಟ ಮನೇಲೆಲ್ಲ ಹಂದಿಹಳ್ಳದೋಳು ಅಂತ ಆಡ್ಕೋತಾರೆ. ನಾಳೆ ಇವ್ಳೂ ಅದನ್ನೇ ಕೇಳ್ಬೇಕಾ?”

ಮೇಷ್ಟ್ರು ನನ್ನ ಮುಖ ನೋಡಿದರು. ನಾನು ಒಂದು ಮಾತು ಆಡಿದ್ದರೆ ಸಾಕಿತ್ತೇನೋ... ತಲೆ ತಗ್ಗಿಸಿದೆ. ಅವರು ಪೆನ್ನು ತೆಗೆದು ದುಂಡಗಿನ ಅಕ್ಷರದಲ್ಲಿ ಅರ್ಜಿ ಬರೆದರು. ಎಲ್ಲರೂ ಹೆಬ್ಬೆಟ್ಟು ಒತ್ತಿದ ಮೇಲೆ ಅಪ್ಪ ಜಂಬದಿಂದ, “ನಮ್ ಹುಡ್ಗಿ ಸೈನೇ ಹಾಕ್ತಾಳೆ,” ಎಂದರು. ಹಾಕಿದೆ. ಮೇಷ್ಟ್ರು ಇಂಕು ಆರಲೆಂದು ಮೆಲ್ಲಗೆ ಊದಿ, “ಅಕ್ಷರ ಚೆನ್ನಾಗಿದೆ ಕಣಮ್ಮ,” ಎಂದರು.

ಹೆಸರು ಬದಲಾಯಿತು. ಅವರಿಗೂ ಬೇರೆ ಊರಿಗೆ ವರ್ಗವಾಯಿತು. ತೀರಿಕೊಂಡ ಸುದ್ದಿ ಎಷ್ಟೋ ವರ್ಷದ ಮೇಲೆ ತಿಳಿಯಿತು. ತಪ್ಪಾಯಿತು ಎಂದು ಹೇಳುವುದು ನನ್ನಲ್ಲೇ ಉಳಿಯಿತು.

ಕಳೆದ ತಿಂಗಳು ಆಸ್ಪತ್ರೆಯಲ್ಲಿ ಚೀಟಿ ಬರೆಯುವ ಹುಡುಗಿ ನನ್ನ ಹುಟ್ಟಿದೂರು ಕೇಳಿದಳು. ಹಂದಿಹಳ್ಳ ಎನ್ನಬೇಕೆಂದು ಬಾಯಿ ತೆರೆದೆ... ಹಿಂದೆ ಸಾಲಿನಲ್ಲಿ ಜನ ನಿಂತಿದ್ದರು. ಬಸವಾಪುರ ಎಂದೆ.